ಹೆಸರಿಲ್ಲದ ಭೂತಗಳೂ ಹೆಸರುಳ್ಳ ಹಿರಿಯರೂ

ಬಾಗಿಲ ಮೇಲೆ ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ‘ನಾಳೆ ಬಾ’ ಎಂದು ಬರೆದು, ರಾತ್ರಿ ಬಂದು ಕದ ತಟ್ಟುವ ದೆವ್ವವನ್ನು ದಿನದಿಂದ ದಿನಕ್ಕೆ ಮುಂದೂಡಿದ ಜಾಣ್ಮೆ ನಮ್ಮ ನಾಡಿನದು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳೆಯ ಮೈಸೂರು ಸೀಮೆಯ ಹಳ್ಳಿಗಳವರೆಗೆ ಹಬ್ಬಿದ ಆ ಬರಹವನ್ನು ಕಂಡು ನಕ್ಕವರುಂಟು. ನಗುತ್ತಲೇ ತಮ್ಮ ಬಾಗಿಲ ಮೇಲೂ ಬರೆಯಿಸಿಕೊಂಡವರುಂಟು. ಹೊಸ ಮನೆ ಕಟ್ಟಿದಾಗ ಬೂದುಗುಂಬಳದ ಮೇಲೆ ಕೋರೆಹಲ್ಲು, ಗುಡ್ಡೆಗಣ್ಣು, ಹುರಿಮೀಸೆಗಳ ರಾಕ್ಷಸಮುಖವನ್ನು ಬರೆಯಿಸಿ, ದೃಷ್ಟಿ ತಾಕದಿರಲೆಂದು ಮುಂಬಾಗಿಲಿಗೆ ತೂಗುಹಾಕುವವರೂ ನಾವೇ. ಆದುದರಿಂದ ಅಕ್ಟೋಬರ್ 31ರ ರಾತ್ರಿ ಕುಂಬಳಕಾಯಿಗೆ ಕಣ್ಣುಮೂಗು ಕೊರೆದು ಒಳಗೆ ದೀಪವಿಡುವ ಪಾಶ್ಚಾತ್ಯರ ಹ್ಯಾಲೋವೀನ್ ಹಬ್ಬವನ್ನು ಕಂಡು, ಇದೆಂತಹ ಅನಾಚಾರವೆಂದು ಹುಬ್ಬೇರಿಸುವ ಅಧಿಕಾರ ನಮಗೆ ಅಷ್ಟಾಗಿ ಇಲ್ಲವೆಂಬುದು ನನ್ನ ಅಭಿಪ್ರಾಯ.

ಈ ಮಾತನ್ನು ಎತ್ತಲು ಕಾರಣವುಂಟು. ಸಕಲೇಶಪುರದಿಂದ ಹೆತ್ತೂರನ್ನು ಹಾದು ಬಿಸಿಲೆಯ ಘಟ್ಟದ ಕಡೆಗೆ ಸಾಗುವ ದಾರಿಯಲ್ಲಿ, ಕಾಫಿ ಏಲಕ್ಕಿ ಮೆಣಸುಗಳ ತೋಟಗಳಿಗೂ ಗದ್ದೆಬಯಲುಗಳಿಗೂ ನಡುವೆ ತಣ್ಣಗೆ ಕುಳಿತಿರುವ ನಮ್ಮ ವನಗೂರಿನಂತಹ ಊರಿಗೂ ಹ್ಯಾಲೋವೀನ್ ಬಂದು ಮುಟ್ಟಿದೆ. ಬಂದ ಬಗೆ ಬಹು ಸರಳವಾದುದು. ಇಲ್ಲಿನ ಮಕ್ಕಳಲ್ಲಿ ಅನೇಕರು ಬೆಳಗಿನ ಮಂಜು ಕರಗುವ ಮೊದಲೇ ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುತ್ತಾರೆ. ಬೆಂಗಳೂರಿನ ಶಾಲೆಗಳಲ್ಲಿಯೂ ಅಪಾರ್ಟ್‌ಮೆಂಟುಗಳಲ್ಲಿಯೂ ವರ್ಷಗಳಿಂದ ರೂಢವಾಗಿರುವ ವಿನೋದವು ಜಿಲ್ಲೆಯ ಪೇಟೆಗಳಿಗೆ ಇಳಿದು, ಅಲ್ಲಿಂದ ತಂದೆತಾಯಿಗಳ ಮೊಬೈಲಿಗೆ ಒಂದು ಆಜ್ಞೆಯ ರೂಪದಲ್ಲಿ ಬರುತ್ತದೆ: ಕಾಗದದ ಹೂಗಳಿಂದ ರಚಿಸಿದ ಗೋಡೆಯ ಅಲಂಕಾರವೊಂದನ್ನು, ಕಪ್ಪು ಮತ್ತು ಕಿತ್ತಳೆ ವರ್ಣಗಳಲ್ಲಿ, ಮಗುವು ಸ್ವಹಸ್ತದಿಂದ ಮಾಡಿ ತರತಕ್ಕದ್ದು. ಆ ಸ್ವಹಸ್ತವು ಯಾರದೆಂಬುದು ಆಜ್ಞೆ ಕಳುಹಿಸಿದವರಿಗೂ ಗೊತ್ತು, ಸ್ವೀಕರಿಸಿದವರಿಗೂ ಗೊತ್ತು. ಸಂದೇಶವು ಹಿಂದಿನ ರಾತ್ರಿ ಬಂದಿದ್ದರೆ ತಾಯಿ ನಿದ್ದೆಗೆಟ್ಟು ಅಂಟಿಸುತ್ತಾಳೆ. ನಾಲ್ಕು ದಿನ ಮೊದಲೇ ಬಂದಿದ್ದರೆ, ಯಂತ್ರದಲ್ಲಿ ಕತ್ತರಿಸಿದ ಸಿದ್ಧ ಕಟ್ಟೊಂದನ್ನು ಆನ್‌ಲೈನಿನಲ್ಲಿ ತರಿಸಲಾಗುತ್ತದೆ. ಕೊರಿಯರಿನವನು ಇಷ್ಟು ದೂರ ಬರಲೊಪ್ಪದೆ ಪೇಟೆಯಲ್ಲಿಯೇ ಇಟ್ಟುಹೋದ ಆ ಪೆಟ್ಟಿಗೆಯನ್ನು, ಗೊಬ್ಬರ ತರಲು ಹೋದ ತಂದೆ ಚೀಲಗಳ ಮೇಲೆ ಇಟ್ಟುಕೊಂಡು ಬರುತ್ತಾನೆ. ಬಿಚ್ಚಿದರೆ ಪ್ಲಾಸ್ಟಿಕ್ ಲೇಪನದ ಹೂಗಳು, ಎರಡು ಬದಿ ಅಂಟುವ ಟೇಪು, ಮಡಚಿಟ್ಟ ಒಂದು ಅಸ್ಥಿಪಂಜರ. ಐದು ನಿಮಿಷದಲ್ಲಿ ಗೋಡೆ ತುಂಬುತ್ತದೆ. ಮಗು ಪಕ್ಕದಲ್ಲಿ ಕುಳಿತು ಬಿಸ್ಕತ್ತು ತಿನ್ನುತ್ತಿರುತ್ತದೆ.

ನನ್ನ ತಕರಾರು ಇರುವುದು ಹಬ್ಬದ ಪರದೇಶೀಯತ್ವದೊಡನೆ ಅಲ್ಲ. ಎರಡು ಶೂನ್ಯತೆಗಳೊಡನೆ: ಕೈ ಸೋಕದ ಕೈಕೆಲಸ ಒಂದು, ಹೆಸರಿಲ್ಲದ ಭೂತ ಇನ್ನೊಂದು. ಈ ಎರಡನ್ನೂ ಸರಿಪಡಿಸಿದರೆ, ಕಾಗದದ ಹೂವು ನಮ್ಮ ಮಕ್ಕಳಿಗೆ ಕಲಿಸತಕ್ಕ ಅತ್ಯುತ್ತಮ ವಿದ್ಯೆಗಳಲ್ಲಿ ಒಂದಾದೀತೆಂದೂ, ಅಕ್ಟೋಬರ್ ಕೊನೆಯ ದಿನವು ಅದಕ್ಕೆ ಅಯೋಗ್ಯವಾದ ಮುಹೂರ್ತವೇನಲ್ಲವೆಂದೂ ವಾದಿಸುವುದಕ್ಕಾಗಿ ಈ ಲೇಖನ.

ಮೊದಲು ಪರದೇಶದ ಮಾತನ್ನು ಮುಗಿಸಿಬಿಡೋಣ. ಮಳೆಗಾಲದ ಬಿರುಸೆಲ್ಲವನ್ನೂ ಕೋಲಿಗೆ ಕಟ್ಟಿಸಿಕೊಂಡು ಸಹಿಸಿ, ಗೌರಿಹಬ್ಬದ ಹೊತ್ತಿಗೆ ಅಂಗಳದ ಅಂಚಿನಲ್ಲಿ ಅಂಗೈಯಗಲ ಅರಳುವ ಡೇರೆ ಹೂವು, ಮಲೆನಾಡಿನ ಹೆಂಗಸರು ತವರಿನಿಂದ ಗೆಡ್ಡೆ ತಂದು, ನೆರೆಯವರಿಗೆ ಗೆಡ್ಡೆ ಕೊಟ್ಟು, ಬಣ್ಣಕ್ಕೆ ಬಣ್ಣ ವಿನಿಮಯ ಮಾಡಿಕೊಂಡು ಬೆಳೆಸಿದ ಆ ಹೂವು, ಮೆಕ್ಸಿಕೋ ದೇಶದ್ದು. 1963ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರಪುಷ್ಪವೆಂದು ಘೋಷಿಸಿತು. ದೀಪಾವಳಿಯ ತೋರಣಕ್ಕೆ ಅನಿವಾರ್ಯವಾಗಿರುವ ಚೆಂಡುಹೂವಿನ ಮೂಲವೂ ಅದೇ ಮೆಕ್ಸಿಕೋ. ಸಿಹಿಗುಂಬಳ, ಹಸಿಮೆಣಸಿನಕಾಯಿಗಳು ಅಮೆರಿಕ ಖಂಡದವು. ನಮ್ಮ ಅನ್ನಕ್ಕೂ ಸಾಲಕ್ಕೂ ಆಧಾರವಾದ ಕಾಫಿಯನ್ನು ಬಾಬಾ ಬುಡನ್ ಅರಬ್ಬರ ನಾಡಿನಿಂದ ಚಂದ್ರದ್ರೋಣ ಪರ್ವತಕ್ಕೆ ತಂದರೆಂಬುದು ಪ್ರತೀತಿ. ಇವೆಲ್ಲವನ್ನೂ ಕಿತ್ತುಹಾಕಿ ಕೇವಲ ಸ್ವದೇಶದ್ದನ್ನು ಉಳಿಸಿಕೊಳ್ಳುತ್ತೇವೆಂದು ಹೊರಟರೆ ವನಗೂರಿನಲ್ಲಿ ಉಳಿಯುವುದು ಮಳೆ, ಜಿಗಣೆ ಮತ್ತು ಏಲಕ್ಕಿ.

ಆದರೆ ಚೆಂಡುಹೂವಿನ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳತಕ್ಕದ್ದಿದೆ. ಅದರ ತವರಿನಲ್ಲಿ ಆ ಹೂವು ಮೃತರ ಹೂವು. ನವೆಂಬರ್ 1 ಮತ್ತು 2ರಂದು ಮೆಕ್ಸಿಕೋದ ಕುಟುಂಬಗಳು ಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಪೀಠವೊಂದನ್ನು ಏರ್ಪಡಿಸಿ, ತೀರಿಹೋದವರ ಭಾವಚಿತ್ರವಿಟ್ಟು, ಅವರು ಬಯಸುತ್ತಿದ್ದ ಊಟವನ್ನೂ ಪಾನೀಯವನ್ನೂ ಮುಂದಿರಿಸಿ, ಅವರು ದಾರಿ ತಪ್ಪದೆ ಬರಲೆಂದು ಚೆಂಡುಹೂವಿನ ಎಸಳುಗಳನ್ನು ಚೆಲ್ಲಿ ಪಥವನ್ನು ಮಾಡುತ್ತವೆ. ಮೇಲುಗಡೆ, ಉಳಿಯಿಂದ ಕೊರೆದ ತೆಳುವಾದ ಬಣ್ಣದ ಕಾಗದದ ಪತಾಕೆಗಳು ಗಾಳಿಗೆ ಅಲುಗುತ್ತಿರುತ್ತವೆ. ಯುನೆಸ್ಕೊ 2008ರಲ್ಲಿ ಈ ಆಚರಣೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನು ಓದುವ ಹಾಸನ ಜಿಲ್ಲೆಯ ಯಾವ ಗೃಹಿಣಿಗೂ ಇದು ಅಪರಿಚಿತವೆನಿಸಲಾರದು. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಹಿರಿಯರ ಹಬ್ಬವೆಂದು, ನಡುಮನೆಯಲ್ಲಿ ಎಡೆಯಿಟ್ಟು, ಬೀಡಿ ಸೇದುತ್ತಿದ್ದ ಅಜ್ಜನಿಗೆ ಬೀಡಿಯ ಕಟ್ಟನ್ನೂ, ಎಲೆಯಡಿಕೆಯ ಅಜ್ಜಿಗೆ ಎಲೆಯಡಿಕೆಯನ್ನೂ, ಹೆಂಡ ಮಾಂಸಗಳಲ್ಲಿ ಅಭಿರುಚಿಯಿದ್ದವರಿಗೆ ಅವನ್ನೂ ತಪ್ಪದೆ ಇಟ್ಟು, ಹೊಸ ಪಂಚೆ ಸೀರೆಗಳನ್ನು ಮಡಿಸಿಟ್ಟು, ಬಾಗಿಲು ಮುಂದೆ ಮಾಡಿ, ಅವರು ಉಣ್ಣುವಷ್ಟು ಹೊತ್ತು ಹೊರಗೆ ಕಾಯುವವರು ನಾವು. ಮೆಕ್ಸಿಕೋದ ಭಾವಚಿತ್ರ, ನಮ್ಮ ಎಡೆ, ಎರಡರಲ್ಲಿಯೂ ಬರುವ ಅತಿಥಿಗೆ ಒಂದು ಹೆಸರುಂಟು, ಒಂದು ನಾಲಗೆರುಚಿಯುಂಟು, ಉಳಿದ ಜಗಳಗಳೂ ಉಂಟು.

2024ನೆಯ ಇಸವಿಯಲ್ಲಿ ಪಂಚಾಂಗವೇ ಒಂದು ತಮಾಷೆ ಮಾಡಿತು. ನರಕಚತುರ್ದಶಿ ಅಕ್ಟೋಬರ್ 31ರಂದೇ ಬಂದು ಹ್ಯಾಲೋವೀನಿನೊಡನೆ ಕೂಡಿಕೊಂಡಿತು. ಮರುದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಅದರ ಮರುದಿನ, ಪಾತಾಳದಿಂದ ಬಲೀಂದ್ರನು ತನ್ನ ಪ್ರಜೆಗಳನ್ನು ನೋಡಲು ಬರುವ ಬಲಿಪಾಡ್ಯಮಿ, ಕ್ರೈಸ್ತರು ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುವ ಸಕಲ ಮೃತರ ದಿನವಾದ ನವೆಂಬರ್ 2ರಂದೇ ಬಿದ್ದಿತು. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅಕ್ಟೋಬರ್ 31ರ ಸಂಜೆ ಒಂದೇ ಹೊಸ್ತಿಲ ಮೇಲೆ ಹಣತೆಯನ್ನೂ ಕುಂಬಳವನ್ನೂ ಇಟ್ಟವೆಂದರೆ ಅದರಲ್ಲಿ ಆಶ್ಚರ್ಯಪಡುವುದಕ್ಕೇನಿದೆ? ಕತ್ತಲೆ ಮುಂದಾಗುವ ಋತುವಿನಲ್ಲಿ, ಬೆಳೆ ಮನೆಗೆ ಬರುವ ಸಂಧಿಕಾಲದಲ್ಲಿ, ಇಲ್ಲದವರನ್ನು ನೆನೆಯಬೇಕೆಂಬುದು ಬೇರೆ ಬೇರೆ ಭೂಭಾಗಗಳ ಜನಕ್ಕೆ ಬೇರೆ ಬೇರೆಯಾಗಿಯೇ ತೋಚಿರಬೇಕು.

ಹ್ಯಾಲೋವೀನ್ ಸಹ ಮೂಲದಲ್ಲಿ ಹೀಗೆಯೇ ಇತ್ತು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಪ್ರಾಚೀನ ಜನರು ಸುಗ್ಗಿ ಮುಗಿದು ಚಳಿ ಮೊದಲಾಗುವ ರಾತ್ರಿಯನ್ನು ಇಹಪರಗಳ ನಡುವಣ ಬಾಗಿಲು ಸಡಿಲಗೊಳ್ಳುವ ಹೊತ್ತೆಂದು ನಂಬಿದ್ದರು. ಕ್ರೈಸ್ತ ಧರ್ಮವು ಬಂದು ಅದನ್ನು ಸಂತರ ದಿನಕ್ಕೂ ಮೃತರ ದಿನಕ್ಕೂ ಜೋಡಿಸಿತು. ಆ ನಾಡುಗಳವರು ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆಯನ್ನು, ಅಮೆರಿಕಕ್ಕೆ ವಲಸೆ ಹೋದ ಮೇಲೆ ದೊರೆತದ್ದು ಕುಂಬಳ. ನಮ್ಮ ಇದೇ ಗುಡ್ಡಗಳಲ್ಲಿ, ಇದು ಮಂಜರಾಬಾದು ತಾಲ್ಲೂಕೆಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ, 19ನೆಯ ಶತಮಾನದ ನಡುವಿನಿಂದ ತೋಟ ಮಾಡಿ, ಆ ಅನುಭವವನ್ನು 1871ರಲ್ಲಿಯೂ 1894ರಲ್ಲಿಯೂ ಪುಸ್ತಕಗಳಾಗಿ ಬರೆದ ರಾಬರ್ಟ್ ಎಲಿಯಟ್ ಸ್ಕಾಟ್ಲೆಂಡಿನಲ್ಲಿ ಸ್ವಂತ ಜಮೀನುಳ್ಳವನು. ಹ್ಯಾಲೋವೀನ್ ನಮಗೆ ಬರುವುದಿದ್ದರೆ ಆ ಮಾರ್ಗವಾಗಿ ಎಂದೋ ಬರಬಹುದಾಗಿತ್ತು. ಆದರೆ ಬಿಳಿಯ ತೋಟಗಾರರಿಂದ ನಾವು ಪಡೆದದ್ದು ಬಂಗಲೆ, ಮಸ್ಟರ್ ಪುಸ್ತಕ ಮತ್ತು ರೈಟರು. ಹಬ್ಬವು ಬಂದದ್ದು ಅಂಗಡಿಯ ಮಾರ್ಗವಾಗಿ.

ಅಂಗಡಿಯ ಮಾರ್ಗವೆಂದು ನಾನು ಹೀಗಳೆಯುವುದಕ್ಕಾಗಿ ಹೇಳಿದ್ದಲ್ಲ, ಅದು ಚರಿತ್ರೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಡೆನ್ನಿಸನ್ ಎಂಬ ಕಾಗದದ ಕಂಪನಿಯೊಂದಿತ್ತು. ಸುಕ್ಕುಸುಕ್ಕಾದ, ಎಳೆದರೆ ಹಿಗ್ಗುವ ಕ್ರೇಪ್ ಕಾಗದವನ್ನು ಅದು ಮಾರುತ್ತಿತ್ತು. ಆ ಕಾಗದದ ಮಾರಾಟ ಹೆಚ್ಚಲೆಂದು 1909ರಲ್ಲಿ ಮೊದಲಾಗಿ, ಮುಂದಿನ ಎರಡು ದಶಕಗಳಲ್ಲಿ ಮೇಲಿಂದ ಮೇಲೆ, ‘ಬೋಗಿ ಬುಕ್’ ಎಂಬ ಕೈಪಿಡಿಗಳನ್ನು ಹೊರಡಿಸಿ, ಹ್ಯಾಲೋವೀನಿನ ಗೋಡೆಯನ್ನು ಹೇಗೆ ಸಿಂಗರಿಸಬೇಕು, ಕಿತ್ತಳೆಯೊಡನೆ ಕಪ್ಪನ್ನು ಹೇಗೆ ಹೊಂದಿಸಬೇಕು ಎಂಬುದನ್ನು ಗೃಹಿಣಿಯರಿಗೆ ಹೇಳಿಕೊಟ್ಟಿತು. ಇಂದು ನಾವು ಪರಂಪರೆಯೆಂದು ಭಾವಿಸುವ ಅಲಂಕಾರದ ಬಹುಭಾಗ ಹೀಗೆ ಒಂದು ಕಂಪನಿಯ ಕ್ಯಾಟಲಾಗಿನಿಂದ ಎದ್ದು ಬಂದದ್ದು. ಆದರೂ ನ್ಯಾಯವಾಗಿ ಹೇಳಬೇಕಾದರೆ, ಆ ವರ್ತಕರಿಗೆ ಒಂದು ಮರ್ಯಾದೆಯಿತ್ತು: ಅವರು ಕಾಗದವನ್ನು ಮಾರಿದರು, ಮಾಡುವ ಕ್ರಮವನ್ನು ಕಲಿಸಿದರು, ಮಾಡುವ ಕೆಲಸವನ್ನು ಮಾತ್ರ ಕೊಂಡವಳ ಕೈಗೇ ಬಿಟ್ಟರು. ಈಗಿನ ಪೆಟ್ಟಿಗೆಯೊಳಗೆ ಆ ಬಿಡುವೂ ಇಲ್ಲ.

ಗೋಡೆಗೆ ಕಾಗದದ ಹೂವಂಟಿಸುವ ಕೆಲಸವಾದರೋ ಕಂಪನಿಗಳಿಗಿಂತ ಬಹಳ ಹಳೆಯದು. ಚೀನದೇಶದ ದುನ್‌ಹುವಾಂಗ್ ಬಳಿ, ಮರುಭೂಮಿಯ ಅಂಚಿನ ಬೌದ್ಧ ಗುಹೆಯೊಂದರಲ್ಲಿ, ಸುಮಾರು 11ನೆಯ ಶತಮಾನದ ಆದಿಯಲ್ಲಿ ಗೋಡೆಯೆತ್ತಿ ಮುಚ್ಚಿದ ಗ್ರಂಥರಾಶಿಯ ನಡುವೆ, 1907ರಲ್ಲಿ ಆರೆಲ್ ಸ್ಟೈನ್ ಎಂಬ ಸಂಶೋಧಕನು ಪಡೆದ ವಸ್ತುಗಳಲ್ಲಿ ಕೆಲವು ಕಾಗದದ ಹೂಗಳಿದ್ದವು. ಪದರದ ಮೇಲೆ ಪದರವಿಟ್ಟು ಬಣ್ಣ ಹಾಕಿ ಕತ್ತರಿಸಿದ ಅವು ಸಾವಿರ ವರ್ಷಗಳ ಬಳಿಕ ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಗುಹೆಯ ಗೋಡೆಗಳಿಗೆ ಪೂಜಾರ್ಥವಾಗಿ ಅಂಟಿಸುತ್ತಿದ್ದಿರಬೇಕೆಂಬುದು ವಿದ್ವಾಂಸರ ಊಹೆ.

ಅದೇ ಮ್ಯೂಸಿಯಮ್ಮಿನಲ್ಲಿ ಇನ್ನೊಬ್ಬಳ ಕೈಕೆಲಸವಿದೆ. ಅದರ ಬಗೆಗೆ ಸ್ವಲ್ಪ ನಿಂತು ಹೇಳಬೇಕೆನಿಸುತ್ತದೆ. ಮೇರಿ ಡೆಲೇನಿ ಎಂಬಾಕೆ 1700ರಲ್ಲಿ ಹುಟ್ಟಿದವಳು, ಐರ್ಲೆಂಡಿನಲ್ಲಿ ಪಾದ್ರಿಯಾಗಿದ್ದ ಪತಿಯೊಡನೆ ಡಬ್ಲಿನ್ನಿನ ಬಳಿ ತೋಟ ಮಾಡಿಕೊಂಡು ಬಹುಕಾಲ ಬಾಳಿದವಳು, 1768ರಲ್ಲಿ ವಿಧವೆಯಾದವಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನಮ್ಮಲ್ಲಾಗಿದ್ದರೆ ಹೊಸ ಕೆಲಸವೊಂದನ್ನು ಕಲಿಯುತ್ತೇನೆಂದರೆ ಮನೆಮಂದಿ ನಕ್ಕು ಜಪಮಣಿ ಕೈಗಿಡುವ ವಯಸ್ಸಿನಲ್ಲಿ, ಬಣ್ಣದ ತೆಳುಗಾಗದವನ್ನು ಕತ್ತರಿಸಿ ಹೂಗಳನ್ನು ರಚಿಸಲಾರಂಭಿಸಿದಳು. ಒಂದೊಂದು ಹೂವಿಗೂ ನೂರಾರು ಚೂರುಗಳು. ಕೇಸರವೊಂದಕ್ಕೆ ಕೂದಲೆಳೆಯಷ್ಟು ಸಣ್ಣ ಪಟ್ಟಿ, ಎಲೆಯ ನರಕ್ಕೆ ಬೇರೆಯ ಹಸುರು, ಬಾಡಿದ ತುದಿಗೆ ಬೇರೆಯ ಕಂದು. ಕಣ್ಣು ಮಂಜಾಗುವವರೆಗೆ, ಹತ್ತು ವರ್ಷಗಳಲ್ಲಿ, 985 ಹೂಗಳನ್ನು ಆಕೆ ಮುಗಿಸಿದಳು. ಅವುಗಳ ಹಿನ್ನೆಲೆಯೆಲ್ಲ ಕಪ್ಪು. ಮಸಿಯ ಬಣ್ಣ ಬಳಿದ ಆ ಕಪ್ಪಿನಿಂದ ಹೂವು ಮುಂದೆ ಬಂದು ನಿಲ್ಲುವ ಪರಿಯನ್ನು ಚಿತ್ರದಲ್ಲಿಯಾದರೂ ನೋಡಿದವರಿಗೆ, ಹ್ಯಾಲೋವೀನಿನ ಕಪ್ಪು ಕಾಗದವು ಹೆದರಿಸುವುದಕ್ಕಾಗಿಯೇ ಇರಬೇಕೆಂದಿಲ್ಲವೆಂಬುದು ಹೊಳೆಯುತ್ತದೆ. ಶೋಕವು ಆಕೆಯನ್ನು ಆ ಕೆಲಸಕ್ಕೆ ಕರೆದೊಯ್ದಿತೇ, ಅಥವಾ ಸಮಯ ಕಳೆಯುವ ಅಗತ್ಯವೇ ಎಂಬುದನ್ನು ನಾನು ನಿರ್ಣಯಿಸಲಾರೆ. ಎರಡೂ ಒಂದೇ ಆಗಿರುವ ಸ್ಥಿತಿಯುಂಟೆಂಬುದನ್ನು ವಯಸ್ಸಾದವರು ಬಲ್ಲರು.

ನಮ್ಮ ನಾಡಿನಲ್ಲಿಯೂ ಕಾಗದದ ಹೂವಿನ ಮನೆತನವೇನೂ ಬಡವಲ್ಲ. ಮದುವೆಯ ಬಾಸಿಂಗದಲ್ಲಿ ಬೆಂಡಿನೊಡನೆ ಬಣ್ಣದ ಕಾಗದವೂ ಹೊಳೆಯುವ ಬೇಗಡೆಯೂ ಹೂವಾಗುತ್ತವೆ. ಜಾತ್ರೆಯ ಚಪ್ಪರಕ್ಕೆ ಪರಪರಿಯ ಸರ. ಮೊಹರಮ್ಮಿನ ತಾಬೂತಿಗೆ ಕಾಗದದ ಗೋಪುರ. ದಕ್ಷಿಣ ಕನ್ನಡದಲ್ಲಿ ದೀಪಾವಳಿಗೆ ಬಿದಿರಿನ ಕಡ್ಡಿಗಳಿಗೆ ಬಣ್ಣದ ಕಾಗದ ಹೊದಿಸಿದ ಗೂಡುದೀಪಗಳು ಏರುತ್ತವೆ. ಮಂಗಳೂರಿನ ಕುದ್ರೋಳಿಯಲ್ಲಿ ಅವುಗಳ ಸ್ಪರ್ಧೆಯೇ ನಡೆಯುತ್ತದೆ. ಗೋಡೆಯ ಅಲಂಕಾರಕ್ಕಂತೂ ಸಾಗರ ಸೀಮೆಯ ದೀವರ ಹೆಂಗಸರ ಹಸೆಚಿತ್ತಾರವನ್ನು ನೆನೆಯಬೇಕು: ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚದಿಂದ, ಅಕ್ಕಿಯ ಬಿಳುಪಿನಲ್ಲಿ ಎಳೆಯುವ ಗೆರೆಗಳು, ಅಕ್ಟೋಬರ್ ತಿಂಗಳ ಸುಮಾರಿಗೇ ಬರುವ ಭೂಮಿಹುಣ್ಣಿಮೆಗೆ, ಗರ್ಭಿಣಿಯಾದ ಭೂಮಿಗೆ ಬಯಕೆಯೂಟ ಒಯ್ಯುವ ಬುಟ್ಟಿಯ ಮೇಲೂ ಅದೇ ಚಿತ್ತಾರ. ನಮ್ಮ ಸಕಲೇಶಪುರದ ಕಡೆ ಅಂತಹದೊಂದು ಚಿತ್ರಪರಂಪರೆ ಪ್ರಸಿದ್ಧವಾಗಿಲ್ಲ. ನಮ್ಮ ಪ್ರತಿಭೆಯೆಲ್ಲ ಸುಗ್ಗಿಯ ಕುಣಿತದಲ್ಲಿ ಕಾಲಿಗೇ ಇಳಿದಿರಬೇಕು.

ಇನ್ನು ಮಾಡುವ ವಿಷಯ. ಗೋಡೆಗೆ ಎಲ್ಲಕ್ಕಿಂತ ಒಪ್ಪುವುದು ಡೇರೆ, ಮತ್ತು ಕಲಿಯಲು ಎಲ್ಲಕ್ಕಿಂತ ಸುಲಭವಾದುದೂ ಅದೇ. ಏಕೆಂದರೆ ಅದರ ಎಸಳು ಶೆಟ್ಟರ ಅಂಗಡಿಯಲ್ಲಿ ಕಡಲೆಕಾಯಿ ಕಟ್ಟಿಕೊಡುವ ಪೊಟ್ಟಣದಂತಹದು. ಮುಗಿದುಹೋದ ನೋಟುಬುಕ್ಕಿನ ಹಾಳೆಯನ್ನು ಮೂರು ಇಂಚಿನ ಚೌಕಗಳಾಗಿ ಕತ್ತರಿಸಿ, ಮೂಲೆಯಿಂದ ಸುತ್ತಿ, ಅಂಚಿಗೆ ಅಂಟು ಸವರಿ ಒತ್ತಿದರೆ ಒಂದು ಎಸಳು. ಅಡಿಗೆ ಗಟ್ಟಿಕಾಗದದ ಬಿಲ್ಲೆ ಬೇಕು. ಪ್ರತಿ ಮನೆಯಲ್ಲಿಯೂ ಎಸೆಯಲಾರದೆ ಇಟ್ಟುಕೊಂಡಿರುವ ಹಳೆಯ ಲಗ್ನಪತ್ರಿಕೆಗಳಿಗಿಂತ ಉತ್ತಮವಾದುದು ಇದಕ್ಕೆ ಸಿಕ್ಕಲಾರದು. ಬಿಲ್ಲೆಯ ಅಂಚಿನ ಸುತ್ತ ಮೊದಲ ವರ್ತುಲ, ಆ ಎಸಳುಗಳ ಸಂದಿಗೆ ಬೀಳುವಂತೆ ಎರಡನೆಯ ವರ್ತುಲ, ಒಳಗೊಳಗೆ ಹೋದಂತೆ ಚಿಕ್ಕ ಚಿಕ್ಕ ಪೊಟ್ಟಣಗಳು. ನಡುವೆ, ಒಂದಂಚನ್ನು ಸಣ್ಣಗೆ ಸೀಳಿ ಸುರುಳಿ ಸುತ್ತಿದ ಪಟ್ಟಿ. ಗುಲಾಬಿಯನ್ನೋ ದಾಸವಾಳವನ್ನೋ ಮಾಡಬೇಕೆಂದರೆ ಎಸಳಿಗೆ ಬಾಗು ಬೇಕು: ಕತ್ತರಿಯ ಅಲಗಿನ ಬೆನ್ನಿಗೂ ಹೆಬ್ಬೆರಳಿಗೂ ನಡುವೆ ಕಾಗದವನ್ನು ಹಿಡಿದು ಮೆಲ್ಲನೆ ಎಳೆದರೆ ಅದು ತಾನಾಗಿ ಸುರುಳಿಗೊಳ್ಳುತ್ತದೆ. ಆದರೆ ಒಂದು ದಿಕ್ಕಿಗೆ ಎಳೆದರೆ ಸೊಗಸಾಗಿ ಬಾಗುವ ಕಾಗದ, ಅಡ್ಡಲಾಗಿ ಎಳೆದರೆ ಮುರಿದು ಗೆರೆ ಬೀಳುತ್ತದೆ. ಕಾರ್ಖಾನೆಯಲ್ಲಿ ನಾರು ಓಡಿದ ದಿಕ್ಕು ಕಾಗದದೊಳಗೆ ಉಳಿದಿರುತ್ತದೆಂಬುದನ್ನು ಮಗುವಿನ ಬೆರಳು ಹೀಗೆ ಕಂಡುಕೊಳ್ಳುತ್ತದೆ. ಯಾವ ಪಾಠಪುಸ್ತಕವೂ ಇದನ್ನು ಹೇಳಿಕೊಡುವುದಿಲ್ಲ. (1936ರಲ್ಲಿ ಸ್ಥಾಪಿತವಾಗಿ ತಲೆಮಾರುಗಳ ಕನ್ನಡ ಮಕ್ಕಳ ಬರವಣಿಗೆಗೆ ಹಾಳೆಯೊದಗಿಸಿದ ಭದ್ರಾವತಿಯ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆದುವೆಂಬುದನ್ನು ಇಲ್ಲಿ ನೆನೆದು ಒಂದು ನಿಟ್ಟುಸಿರು ಬಿಡುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ.)

ಬಣ್ಣಕ್ಕೆ ಪೇಟೆಗೆ ಹೋಗಬೇಕಾದ್ದಿಲ್ಲ. ಅರಿಶಿನದ ನೀರಿಗೆ ಸುಣ್ಣದ ತಿಳಿಯನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸುತ್ತ ಹೋದರೆ, ಓಕುಳಿಯ ಕೆಂಪಿಗೆ ಮೊದಲು, ಹ್ಯಾಲೋವೀನಿನವರು ಬಯಸುವ ಕಿತ್ತಳೆಯೇ ದೊರೆಯುತ್ತದೆ. ಬಿಸಿಲಿಗಿಟ್ಟರೆ ಹಾರಿಹೋಗುತ್ತದೆಂಬುದೊಂದು ಕೊರತೆ. ಕಾಫಿಯ ಗಟ್ಟಿ ಡಿಕಾಕ್ಷನ್ನು ಹಣ್ಣೆಲೆಯ ಕಂದನ್ನು ಕೊಡುತ್ತದೆ. ಕಪ್ಪಿಗೆ ಶಾನುಭೋಗರ ಮಸಿಯ ವಿಧಾನ: ಅಳಲೆಕಾಯಿಯನ್ನು ಜಜ್ಜಿ ಕುದಿಸಿ ಸೋಸಿದ ತಿಳಿಕಂದು ಕಷಾಯಕ್ಕೆ, ಗ್ರಂಥಿಗೆ ಅಂಗಡಿಯ ಅನ್ನಭೇದಿಯನ್ನು ಹಾಕಿದೊಡನೆ ಬಟ್ಟಲು ನೋಡುನೋಡುತ್ತಿರುವಂತೆಯೇ ಕರ್ರಗಾಗುತ್ತದೆ. ಭೂತಚೇಷ್ಟೆಯನ್ನು ಕಾಣಬೇಕೆಂಬ ಮಕ್ಕಳಿಗೆ ಇದಕ್ಕಿಂತ ಮಿಗಿಲಾದುದನ್ನು ತೋರಿಸುವುದು ಕಷ್ಟ, ಮತ್ತು ರಸಾಯನಶಾಸ್ತ್ರದ ಮೇಷ್ಟರಿಗೆ ಇದಕ್ಕಿಂತ ಅನುಕೂಲವಾದ ಪೀಠಿಕೆಯೂ ದೊರೆಯದು.

ತೊಂದರೆಯಿರುವುದು ನಮ್ಮ ಹವೆಯಲ್ಲಿ. ಬೆಂಗಳೂರಿನಲ್ಲಿ ಅರ್ಧ ಗಂಟೆಯಲ್ಲಿ ಒಣಗುವ ಅಂಟು ವನಗೂರಿನಲ್ಲಿ ರಾತ್ರಿಯೆಲ್ಲ ಹಸಿಯಾಗಿಯೇ ಇರುತ್ತದೆ. ಘಟ್ಟದಿಂದ ಏರಿಬರುವ ಮಂಜು ಕಿಟಕಿಯೊಳಗೆ ನುಗ್ಗಿ, ಸಂಜೆಗೆ ಬಿಗಿಯಾಗಿದ್ದ ಎಸಳನ್ನು ಬೆಳಗಾಗುವಷ್ಟರಲ್ಲಿ ಜೋಲು ಬೀಳಿಸುತ್ತದೆ. ವಾರ ಕಳೆದರೆ ಬೂಷ್ಟು. ಹಳೆಯ ಬೈಂಡಿನ ಕೆಲಸದವರು ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಸೇರಿಸುತ್ತಿದ್ದರು. ಆಗ ಅದಕ್ಕೆ ಬೂಷ್ಟೂ ಹತ್ತದು, ಹುಳುವೂ ಮುಟ್ಟದು. ಸುಣ್ಣದೊಡನೆ ಕಲಸಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ದೆಸೆಯಿಂದ ಮೈಲುತುತ್ತವು ನಮ್ಮ ಪ್ರತಿ ಬೆಳೆಗಾರನ ಉಗ್ರಾಣದಲ್ಲಿಯೂ ಇರತಕ್ಕ ವಸ್ತು. ವಿಷವಾದುದರಿಂದ ಅದನ್ನು ಹಾಕುವ ಕೈ ದೊಡ್ಡವರದೇ ಆಗಿರಬೇಕು, ಮತ್ತು ಆ ಅಂಟನ್ನು ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಅದರ ಗೊಡವೆಯೇ ಬೇಡ. ಮುಗಿದ ಹೂಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ, ಮಳೆಗಾಲಕ್ಕೆಂದು ಕೂಡಿಟ್ಟ ಹಲಸಿನ ಹಪ್ಪಳ ಖಾಲಿಯಾದ ಜಾಗದಲ್ಲಿ, ಎರಡು ರಾತ್ರಿ ಇಟ್ಟರೆ ಗರಿಗರಿಯಾಗುತ್ತವೆ. ಒಂದಿಷ್ಟು ಹೊಗೆಯ ಬಣ್ಣವೂ ಕೂಡುತ್ತದೆ, ಅದು ಶೋಭೆಯೇ.

ಇಷ್ಟನ್ನು ಮಗುವೇ ಮಾಡಿತೆನ್ನೋಣ. ಮಾಡಿದ್ದು ಯಾರಿಗಾಗಿ? ಇಲ್ಲಿಗೆ ನನ್ನ ಎರಡನೆಯ ತಕರಾರು ಬರುತ್ತದೆ. ಪೆಟ್ಟಿಗೆಯಲ್ಲಿ ಬರುವ ಅಸ್ಥಿಪಂಜರವು ಯಾರ ಅಜ್ಜನೂ ಅಲ್ಲ. ಅದಕ್ಕೆ ಊರಿಲ್ಲ, ಬೀಡಿಯ ಚಟವಿಲ್ಲ, ಸೊಸೆಯೊಡನೆ ಮುನಿಸಿಲ್ಲ. ಅದನ್ನು ಕಂಡು ಮಗು ಅರೆಕ್ಷಣ ಬೆಚ್ಚುತ್ತದೆ, ನಗುತ್ತದೆ, ಮರೆಯುತ್ತದೆ. ಹೆದರಿಕೆಯು ಮಕ್ಕಳಿಗೆ ಒಂದು ರಸವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬಿಸಿಲೆಯ ಕಾಡಿನಂಚಿನಲ್ಲಿ ಆನೆಯ ಹೆಜ್ಜೆ ನೋಡಿಕೊಂಡು ಶಾಲೆಯ ವ್ಯಾನಿಗೆ ನಡೆಯುವ ಮಕ್ಕಳಿಗೆ ಪ್ಲಾಸ್ಟಿಕ್ಕಿನ ಎಲುಬಿನಿಂದ ಹೆದರಿಕೆಯನ್ನು ಸರಬರಾಜು ಮಾಡುವ ಅಗತ್ಯವಿದೆಯೆಂದು ತೋರುವುದಿಲ್ಲ.

ಆದುದರಿಂದ ನನ್ನ ಸೂಚನೆ ಇದು. ಅಕ್ಟೋಬರ್ 31ನ್ನು ಶಾಲೆಗಳು ಆಚರಿಸಲಿ. ಹೆಸರು ಹ್ಯಾಲೋವೀನೆಂದೇ ಇರಲಿ, ಅದಕ್ಕಾಗಿ ಯಾರೂ ಕನ್ನಡದ ಹೆಸರು ಹುಡುಕುತ್ತ ಸಮಿತಿ ರಚಿಸುವುದು ಬೇಡ. ಹೂಗಳನ್ನು ತರಗತಿಯಲ್ಲಿಯೇ, ಹಳೆಯ ಕಾಗದದಿಂದ, ಮಕ್ಕಳೇ ಮಾಡಲಿ. ಮನೆಗೆಲಸವಾಗಿ ಕಳುಹಿಸಿದರೆ ಅದು ತಾಯಿಗೆ ಹೋಗುವ ಮನೆಗೆಲಸ. ಗೋಡೆಗೆ ಕಪ್ಪು ಕಾಗದ ಹೊದಿಸಿ, ಅದರ ಮೇಲೆ ಹೂವಂಟಿಸಿ, ಒಂದೊಂದು ಹೂವಿನ ಕೆಳಗೂ ಆ ಮಗುವಿನ ಮನೆಯಲ್ಲಿ ತೀರಿಹೋದ ಒಬ್ಬ ಹಿರಿಯರ ಹೆಸರನ್ನು, ಅವರು ಮಾಡುತ್ತಿದ್ದ ಒಂದು ಕೆಲಸವನ್ನು ಬರೆಯಲಿ: ಇಂಥವರು, ಏಲಕ್ಕಿ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದರು, ಇಂಥವರು, ಸೂಲಗಿತ್ತಿ, ಇಂಥವರು, ಬಸ್ಸಿನ ಕಂಡಕ್ಟರು.

ಅಪಶಕುನವೆಂಬ ಕೂಗು ಏಳುವುದು ನನಗೆ ಈಗಲೇ ಕೇಳಿಸುತ್ತಿದೆ. ವಿದ್ಯಾಮಂದಿರದ ಗೋಡೆಯ ಮೇಲೆ ಸತ್ತವರ ಹೆಸರೇ, ಅದೂ ಕಪ್ಪಿನ ಮೇಲೆಯೇ ಎಂದು ಕೇಳುವವರು, ತಮ್ಮದೇ ಮನೆಯ ಹಜಾರದಲ್ಲಿ ಒಮ್ಮೆ ತಲೆಯೆತ್ತಿ ನೋಡಲಿ. ಬಾಗಿಲ ಮೇಲುಗಡೆ ಸಾಲಾಗಿ ಚೌಕಟ್ಟು ಹಾಕಿದ ಅಜ್ಜ ಅಜ್ಜಿಯರು. ಕೊರಳಿಗೆ ಗಂಧದ ಚಕ್ಕೆಯ ಹಾರ ಅಥವಾ ಪ್ಲಾಸ್ಟಿಕ್ ಸೇವಂತಿಗೆ. ಮುಂದೆ ಕೆಂಪು ಜೀರೋ ಬಲ್ಬು. ಮೃತರಿಗಾಗಿ ಗೋಡೆಯನ್ನು ಸಿಂಗರಿಸುವ ಕಲೆ ನಮ್ಮಲ್ಲಿ ಮನೆಮನೆಯಲ್ಲಿಯೂ ಇದೆ. ಅದರಲ್ಲಿ ಕೈಯ ಪಾಲೆಂದರೆ ವರ್ಷಕ್ಕೊಮ್ಮೆ ಧೂಳು ಒರೆಸುವುದಷ್ಟೆ. ಮಗುವು ತಾನೇ ಸುತ್ತಿದ ಒಂದು ಕಾಗದದ ಡೇರೆಯನ್ನು ಆ ಚೌಕಟ್ಟಿಗೆ ಸಿಕ್ಕಿಸಿದರೆ ಪ್ಲಾಸ್ಟಿಕ್ ಸೇವಂತಿಗೆಗೆ ಆಗುವ ಅವಮಾನವನ್ನು ನಾವು ಸಹಿಸಿಕೊಳ್ಳಬಹುದು.

ಇನ್ನೊಂದು ಆಕ್ಷೇಪಣೆ ಉಪಾಧ್ಯಾಯರದು: ಪಾಠಗಳೇ ಮುಗಿಯುತ್ತಿಲ್ಲ, ಇದಕ್ಕೆಲ್ಲಿ ವೇಳೆ ಎಂದು. ಅದು ನಿಜವಾದ ಕಷ್ಟ, ನಾನು ತಳ್ಳಿಹಾಕುವವನಲ್ಲ. ಆದರೆ ಈಗಲೂ ಆ ದಿನ ಶಾಲೆಯಲ್ಲಿ ಪಾಠ ನಡೆಯುವುದಿಲ್ಲವಷ್ಟೆ. ವೇಷ ಹಾಕಿ, ಫೋಟೋ ತೆಗೆದು, ಪೋಷಕರಿಗೆ ಕಳುಹಿಸುವುದರಲ್ಲಿ ಹೋಗುವ ಹೊತ್ತಿನಲ್ಲಿ ಒಂದು ತರಗತಿ ಮೂವತ್ತು ಹೂಗಳನ್ನು ಮಾಡಿ ಮುಗಿಸಬಲ್ಲದು. ಪೇಟೆಯ ಶಾಲೆಗಳಿಗೆ ಮನಸ್ಸಿಲ್ಲವೆಂದಾದರೆ ಹಳ್ಳಿಯ ಸರಕಾರಿ ಶಾಲೆಗಳೇ ಇದನ್ನು ಮೊದಲು ಹಿಡಿಯಲಿ. ಅಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಉಂಟು. ಕಾಫಿ ಹಣ್ಣಾಗುವ ಹೊತ್ತಿಗೆ ಬಯಲುಸೀಮೆಯಿಂದಲೂ ದೂರದ ರಾಜ್ಯಗಳಿಂದಲೂ ಕೊಯ್ಲಿಗೆ ಬಂದು ಲೈನಿನ ಮನೆಗಳಲ್ಲಿ ಇಳಿದುಕೊಳ್ಳುವ ಕುಟುಂಬಗಳ ಮಕ್ಕಳಿಗೆ ಈ ಊರಿನಲ್ಲಿ ಸಮಾಧಿಯಿಲ್ಲ, ಚೌಕಟ್ಟು ತೂಗುಹಾಕಲು ಸ್ವಂತ ಗೋಡೆಯೂ ಇಲ್ಲ. ಅವರ ಅಜ್ಜನ ಹೆಸರು ನಮ್ಮ ಊರಿನ ಒಂದು ಗೋಡೆಯ ಮೇಲೆ, ಊರಿನವರ ಹಿರಿಯರ ಹೆಸರುಗಳ ಪಕ್ಕದಲ್ಲಿ, ಯಾವ ಭಾಷೆಯ ಅಕ್ಷರದಲ್ಲಿಯೇ ಆಗಲಿ, ಕೆಲವು ವಾರ ಇದ್ದರೆ ತೋಟದ ಮಾಲೀಕರಲ್ಲಿ ಯಾರಿಗೂ ನಷ್ಟವಾಗುವುದಿಲ್ಲ.

ಕೆಲಸಕ್ಕೆ ತೊಡಗಿದ ಮೇಲೆ ಒಂದು ಇಕ್ಕಟ್ಟು ಎದುರಾಗುವುದು ಖಂಡಿತ. ಅದನ್ನು ಉಪಾಧ್ಯಾಯರಿಗೆ ಮೊದಲೇ ತಿಳಿಸಿಬಿಡುವುದು ಲೇಸು. ಮುತ್ತಜ್ಜನ ಹೆಸರು ಸಿಗುತ್ತದೆ; ಪಹಣಿಯಲ್ಲಿರುತ್ತದೆ, ಹಳೆಯ ಕಂದಾಯದ ರಸೀದಿಯಲ್ಲಿರುತ್ತದೆ, ಮೊಮ್ಮಗನಿಗೆ ಅದನ್ನೇ ಇಟ್ಟಿರುತ್ತಾರೆ. ಮುತ್ತಜ್ಜಿಯ ಹೆಸರು ಎಷ್ಟೋ ಮನೆಗಳಲ್ಲಿ ಸಿಗುವುದಿಲ್ಲ. ಆಕೆ ಒಬ್ಬರ ಹೆಂಡತಿಯಾಗಿ, ಇನ್ನೊಬ್ಬರ ಅವ್ವನಾಗಿ, ಮೇಲಿನ ಮನೆಯ ದೊಡ್ಡಮ್ಮನಾಗಿ ಬಾಳಿ ಹೋದವಳು. ಯಾವ ಕಾಗದಕ್ಕೂ ಆಕೆ ಹೆಬ್ಬೆಟ್ಟು ಒತ್ತಬೇಕಾದ ಪ್ರಸಂಗ ಬರಲಿಲ್ಲ. ಅಂತಹ ಮಗುವಿಗೆ ಬೇರೊಬ್ಬರ ಹೆಸರನ್ನು ಬರೆಯೆಂದು ಹೇಳಕೂಡದು. ಹೂವನ್ನು ಅಂಟಿಸಲಿ, ಕೆಲಸವನ್ನು ಬರೆಯಲಿ, ಹೆಸರಿನ ಜಾಗವನ್ನು ಖಾಲಿ ಬಿಡಲಿ. ದೀಪಾವಳಿಗೆ ನೆಂಟರು ಬರುತ್ತಾರೆ. ಕಿವಿ ಮಂದವಾದ ಸೋದರತ್ತೆಯೊಬ್ಬರು ಬಂದೇ ಬರುತ್ತಾರೆ. ಸ್ವಲ್ಪ ಗಟ್ಟಿಯಾಗಿ ಕೇಳಿದರೆ ಅವರಿಗೆ ಅದು ಗೊತ್ತಿರುವ ಸಂಭವವಿದೆ.